ಕಣದ ಮೂಲೆಯ ಬೆಳಕಿನ ಮರ

ಡಿಸೆಂಬರ್ ಬಂತೆಂದರೆ ನಮ್ಮ ಕಾಫಿ ಕಣದ ಮೂಲೆಯಲ್ಲಿ ಒಂದು ಬೆಳಕಿನ ಕ್ರಿಸ್‌ಮಸ್ ಮರ ನಿಲ್ಲುತ್ತದೆ. ನಕ್ಷತ್ರ ಸೇರಿ ಹತ್ತೂವರೆ ಅಡಿ ಎತ್ತರ, 450 ಪುಟ್ಟ ಬಲ್ಬು. ಎಲೆ ಇಲ್ಲ, ಕೊಂಬೆ ಇಲ್ಲ. ನಡುವೆ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಕೆಳಗೆ ಕರಿ ಪೈಪಿನ ಒಂದು ಬಳೆ, ಎರಡರ ಮಧ್ಯೆ ಬಿಗಿದ ತಂತಿಗಳು. ಕೊಡಗಿನ ಅಮ್ಮತ್ತಿ ಕಡೆಯಿಂದ ಬರುವವರಿಗೆ ತಿರುವು ದಾಟಿದ ಕೂಡಲೇ ಕಾಣುತ್ತದೆ. ಗಾಡಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗುವವರಿದ್ದಾರೆ. ನನ್ನ ಅಂಗಡಿಗೆ ಮೋಟಾರ್ ವೈಂಡಿಂಗ್ ಮಾಡಿಸಲು ಬಂದವರೂ ಮೋಟಾರಿನ ಮಾತು ಬಿಟ್ಟು ಮರದ ಬಗ್ಗೆ ಕೇಳುತ್ತಾರೆ. ಎಲ್ಲಿ ಸಿಗುತ್ತೆ, ಹೇಗೆ ಕಟ್ಟೋದು, ಮಳೆ ಬಂದರೆ ಏನು ಮಾಡ್ತೀರಿ? ಎಲ್ಲರಿಗೂ ನಿಂತು ಹೇಳಲು ಸಮಯ ಸಾಲುವುದಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಹೊರಗೆ ದೀಪ ಕಟ್ಟುವವನಿಗೆ ದೊಡ್ಡ ಶತ್ರು ಮಳೆಗಿಂತ ಇಬ್ಬನಿ. ಇನ್ನೊಂದು, ನಮ್ಮ ತೋಟದ ಕತ್ತಲಿಗೆ ತುಂಬಾ ಬೆಳಕು ಬೇಡ. ಈ ಎರಡನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಕೈಕೆಲಸ.

ತೋಟದ ತುಂಬಾ ಮರ ಇರುವಾಗ ಮರ ಕಟ್ಟೋದು ಯಾಕೆ ಅಂತ ಕೇಳುವವರೂ ಇದ್ದಾರೆ. ನಮ್ಮಲ್ಲಿ ಇರುವುದು ಸಿಲ್ವರ್ ಓಕ್. ಅದರ ಮೈ ತುಂಬಾ ಕರಿಮೆಣಸಿನ ಬಳ್ಳಿ. ಡಿಸೆಂಬರಿನಲ್ಲಿ ಬಳ್ಳಿಯಲ್ಲಿ ಕಾಯಿ ಇರುತ್ತದೆ, ಕೊಯ್ಲು ಆಮೇಲೆ. ಆ ಹೊತ್ತಿನಲ್ಲಿ ಮೇಲೆ ಹತ್ತಿ ವೈರ್ ಸುತ್ತಿದರೆ ಗೆರೆ, ಅಂದರೆ ಮೆಣಸಿನ ಗೊಂಚಲು, ಉದುರುತ್ತದೆ. ವರ್ಷದ ದುಡಿಮೆ ಅದು, ಹಬ್ಬಕ್ಕೆ ಅಂತ ಹಾಳು ಮಾಡೋಕಾಗುತ್ತಾ? ಮನೆಯೊಳಗೆ ಗಾಳಿ ಮರದ ಒಂದು ಕೊಂಬೆ ನೆಟ್ಟು, ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಮಾಡುವುದು ನಮ್ಮಪ್ಪನ ಕಾಲದಿಂದ ಇದೆ. ಅದು ಈಗಲೂ ಇದೆ. ಹೊರಗಿನ ಮರ ಮಾತ್ರ ಬೇರೆ. ಅದು ದಾರಿಯಲ್ಲಿ ಹೋಗುವವರಿಗೆ.

ದೀಪದ ಕೆಲಸ ನಾನು ಕಲಿತದ್ದು ಮಡಿಕೇರಿ ದಸರಾದಲ್ಲಿ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಹೊರಡುತ್ತವಲ್ಲ, ಅದರಲ್ಲಿ ಒಂದಕ್ಕೆ ಲೈಟಿನ ಬೋರ್ಡು ಕಟ್ಟುವ ಗುಂಪಿನಲ್ಲಿ ನಾನು ಹುಡುಗನಾಗಿದ್ದಾಗ ಇದ್ದೆ. ಪ್ಲೈವುಡ್‌ಗೆ ತೂತು ಕೊರೆದು, ತೂತಿಗೊಂದು ಬಲ್ಬು ಸಿಕ್ಕಿಸಿ, ಹಿಂದೆ ವೈರು ಎಳೆಯುವ ಕೆಲಸ. ಟ್ರ್ಯಾಕ್ಟರ್ ಮೇಲೆ ಮಂಟಪ ಅಲ್ಲಾಡುತ್ತಾ ಹೋಗುತ್ತದೆ. ಅಕ್ಟೋಬರಿನ ಮಳೆ ಬೇರೆ. ಒಂದು ಜಾಯಿಂಟು ಸಡಿಲಾದರೂ ಅರ್ಧ ಬೋರ್ಡು ಕತ್ತಲು. ಅಲ್ಲಿದ್ದ ಹಿರಿಯರು ನನಗೆ ಬಲ್ಬಿನ ಬಗ್ಗೆ ಏನೂ ಹೇಳಲಿಲ್ಲ. ಜಾಯಿಂಟು ನೋಡು, ಜಾಯಿಂಟು ನೋಡು ಅಂತ ಮಾತ್ರ ಹೇಳುತ್ತಿದ್ದರು. ಇವತ್ತಿಗೂ ನನ್ನ ಕೈ ಮೊದಲು ಹೋಗುವುದು ಅಲ್ಲಿಗೇ.

ಈಗ ಮರದ ಲೆಕ್ಕ. ನಾನು ಬಳಸುವುದು ಪಿಕ್ಸೆಲ್ ಬಲ್ಬು, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾದದ್ದು. 12 ಮಿಲಿಮೀಟರ್ ದಪ್ಪದ, ಗುಂಡಿನ ಆಕಾರದ ಎಲ್‌ಇಡಿ. ಒಂದು ಸರದಲ್ಲಿ 50 ಇರುತ್ತವೆ, ಬಲ್ಬಿಂದ ಬಲ್ಬಿಗೆ ಸುಮಾರು 10 ಸೆಂಟಿಮೀಟರ್. ಈ ಅಂತರವನ್ನೇ ಹಿಡಿದು ಮರದ ಅಳತೆ ಮಾಡಬೇಕು. ಮರ ಮೊದಲು ಮಾಡಿ ಆಮೇಲೆ ಸರ ಹುಡುಕಿದರೆ ಎಲ್ಲೋ ಒಂದು ಕಡೆ ಬಲ್ಬು ಜಾಸ್ತಿ ಆಗುತ್ತದೆ, ಇಲ್ಲ ಕಡಿಮೆ ಬೀಳುತ್ತದೆ.

25 ಬಲ್ಬು ಸುಮಾರು ಎಂಟಡಿ ಬರುತ್ತದೆ. ಹಾಗಾಗಿ ಬಳೆಯಿಂದ ಕಂಬದ ತುದಿಯ ಕೊಕ್ಕೆಗೆ ಓರೆಯಾಗಿ ಎಂಟಡಿ ಇರಬೇಕು. ಕೊಕ್ಕೆಯ ಎತ್ತರ ಬಳೆಯಿಂದ ಏಳೂವರೆ ಅಡಿ ಇಟ್ಟರೆ, ಬಳೆಯ ಅರ್ಧ ಅಗಲ 2.8 ಅಡಿ ಬರುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕವೇ. ಬಳೆಯ ಸುತ್ತಳತೆ ಹದಿನೇಳೂವರೆ ಅಡಿಗಿಂತ ಸ್ವಲ್ಪ ಜಾಸ್ತಿ. ಅದರಿಂದ ಕೊಕ್ಕೆಗೆ ಏರುವ ಬಲ್ಬಿನ ಸಾಲಿಗೆ ನಾನು ಕಾಲು ಅನ್ನುತ್ತೇನೆ, ಅಂಥ 16 ಕಾಲು. ಕಾಲಿಂದ ಕಾಲಿಗೆ 13 ಇಂಚು. ಹತ್ತಿರದಿಂದ ನೋಡಿದರೆ ವಿರಳ ಅನಿಸಬಹುದು. ರಸ್ತೆಯಿಂದ ನೋಡಿದರೆ ಹಿಂದಿನ ಕಾಲುಗಳ ಬೆಳಕು ಮುಂದಿನ ಸಂದಿಗಳಲ್ಲಿ ಬಂದು ತುಂಬುತ್ತದೆ. ಮರಕ್ಕೆ ಆಳ ಬರುವುದೇ ಅದರಿಂದ.

ಒಂದು ಸರವನ್ನು ಎರಡು ಕಾಲಿಗೆ ಹಾಕುತ್ತೇನೆ. ಕೆಳಗಿನ ಬಳೆಯಿಂದ ಶುರುವಾಗಿ 25 ಬಲ್ಬು ಮೇಲೆ ಹೋಗುತ್ತದೆ, ಕೊಕ್ಕೆಯಲ್ಲಿ ತಿರುಗಿ ಇನ್ನು 25 ಕೆಳಗೆ ಇಳಿಯುತ್ತದೆ. ಎಂಟು ಸರಕ್ಕೆ 16 ಕಾಲು, 400 ಬಲ್ಬು. ಹೀಗೆ ಮಾಡಿದರೆ ಸರದ ಎರಡೂ ತುದಿ ಕೆಳಗೇ ಇರುತ್ತವೆ. ತುದಿಯಲ್ಲಿ ಈ ಸರಗಳ ಒಂದೂ ಜಾಯಿಂಟ್ ಇಲ್ಲ. ರಿಪೇರಿಗೆ ಏಣಿ ಹತ್ತುವ ಕೆಲಸವಿಲ್ಲ, ಕಣದಲ್ಲಿ ಕೂತೇ ಮಾಡಬಹುದು. ಈ ಮರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಏಣಿ ಅಂದಾಗ ಒಂದು ಮಾತು ಹೇಳಲೇಬೇಕು. ನಮ್ಮ ತೋಟಗಳಲ್ಲಿ ಈಗ ಎಲ್ಲ ಕಡೆ ಅಲ್ಯೂಮಿನಿಯಂ ಏಣಿ. ಹಗುರ, ಎತ್ತಿಕೊಂಡು ಹೋಗಲು ಸುಲಭ. ಆದರೆ ಅದು ಕರೆಂಟ್ ಲೈನಿಗೆ ತಾಗಿ ಮೆಣಸು ಕೊಯ್ಯುವ ಕಾರ್ಮಿಕರು ಸತ್ತ ಸುದ್ದಿಯನ್ನು ಕೊಡಗಿನವರು ಓದುತ್ತಲೇ ಇದ್ದೇವೆ. ದೀಪ ಕಟ್ಟಲು ದಯವಿಟ್ಟು ಅದನ್ನು ತರಬೇಡಿ. ಪಕ್ಕದ ತೋಟದ ಕೊಡವ ಅಜ್ಜ ಪುತ್ತರಿ ಮುಗಿದ ಮೇಲೆ ತಮ್ಮ ಹಳೆ ಬಿದಿರೇಣಿ ಕೊಡುತ್ತಾರೆ. ಅದನ್ನೂ ಒಣಗಿದ್ದರೆ ಮಾತ್ರ ಬಳಸುತ್ತೇನೆ. ಮರ ನಿಲ್ಲಿಸುವ ಜಾಗದ ಮೇಲೆ, ಅಕ್ಕಪಕ್ಕ, ಯಾವ ಲೈನೂ ಹಾದು ಹೋಗಬಾರದು. ಕಂಬ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಕಣದ ಮೂಲೆಯನ್ನು ಆರಿಸಿದ್ದು ಅದಕ್ಕೇ. ಚಂದ ಕಾಣುವ ಜಾಗ ಬೇರೆ ಇತ್ತು, ಗೇಟಿನ ಹತ್ತಿರ. ಅಲ್ಲಿ ಮೇಲೆ ಲೈನ್ ಇದೆ.

ಕಂಬ ಒಂದೂವರೆ ಇಂಚಿನ ಜಿಐ ಪೈಪು, 11 ಅಡಿ. ಎರಡಿಂಚಿನ ಪೈಪಿನ ಎರಡಡಿ ತುಂಡನ್ನು ನೆಲದಲ್ಲಿ ಜಲ್ಲಿ ಸಿಮೆಂಟು ಹಾಕಿ ಕೂರಿಸಿದ್ದೇನೆ. ಒಂದೂವರೆ ಇಂಚಿನದು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಹಬ್ಬ ಮುಗಿದ ಮೇಲೆ ಎತ್ತಿಟ್ಟು, ಬಾಯಿಗೆ ಮುಚ್ಚಳ ಹಾಕಿದರೆ ಕಣ ಮತ್ತೆ ಕಾಫಿಗೆ ಖಾಲಿ. ಸಿಮೆಂಟು ಹಾಕುವಾಗ ರಸಮಟ್ಟ ಹಿಡಿದು ನೋಡಿ. ಇಲ್ಲಿ ಸ್ವಲ್ಪ ವಾಲಿದರೂ ಮೇಲೆ ನಕ್ಷತ್ರ ಪೂರ್ತಿ ಒಂದು ಕಡೆಗೆ ಹೋಗುತ್ತದೆ. ಸಿಮೆಂಟಿನ ಮೇಲೆ ನಂಬಿಕೆ ಇದ್ದರೂ ಮೂರು ದಿಕ್ಕಿಗೆ ಜಿಐ ತಂತಿ ಎಳೆದು ಗೂಟಕ್ಕೆ ಕಟ್ಟುತ್ತೇನೆ. ತಂತಿಗೆ ಬಿಳಿ ಬಟ್ಟೆ ಚೂರು ಕಟ್ಟಬೇಕು. ರಾತ್ರಿ ಮಕ್ಕಳು ಓಡಾಡುತ್ತಾರೆ, ಕಾಲಿಗೆ ಸಿಕ್ಕಬಾರದು.

ಕೆಳಗಿನ ಬಳೆಗೆ ಕಬ್ಬಿಣ ಬಗ್ಗಿಸಲು ವೆಲ್ಡಿಂಗ್ ಅಂಗಡಿಗೆ ಹೋಗಬೇಕಿಲ್ಲ. ತೋಟಕ್ಕೆ ನೀರು ಹಾಯಿಸುವ 32 ಮಿಲಿಮೀಟರಿನ ಕರಿ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಸಾಕು. ಅದು ಬರುವುದೇ ಸುರುಳಿಯಲ್ಲಿ. ಎಷ್ಟು ಬೇಕೋ ಅಷ್ಟು ಕತ್ತರಿಸಿ, ಎರಡು ತುದಿಗೆ ಒಂದು ಕಪ್ಲರ್ ಹಾಕಿದರೆ ತಾನಾಗಿ ಬಳೆ ಆಗುತ್ತದೆ. ತುಕ್ಕು ಹಿಡಿಯುವುದಿಲ್ಲ, ಕರೆಂಟು ಹರಿಯುವುದಿಲ್ಲ, ಕಪ್ಪಗಿರುವುದರಿಂದ ರಾತ್ರಿ ಕಾಣುವುದೂ ಇಲ್ಲ. ಹದಿನಾರು ಕಾಲು ಬಿಗಿದಾಗ ಬಳೆಯನ್ನು ಮೇಲಕ್ಕೆ ಎಳೆಯುತ್ತವೆ. ಅದಕ್ಕೆ ಸುತ್ತಲೂ ಕಬ್ಬಿಣದ ಗೂಟ ಹೊಡೆದು, ನೆಲದಿಂದ ಒಂದಡಿ ಮೇಲೆ ಕಟ್ಟಬೇಕು. ನೆಲಕ್ಕೆ ತಾಗಿಸಿದರೆ ಕೆಳಗಿನ ಬಲ್ಬುಗಳೆಲ್ಲ ಬೆಳಗಿನ ತನಕ ನೀರಲ್ಲಿ ಮಲಗುತ್ತವೆ.

ಬಲ್ಬಿನ ಸರವನ್ನೇ ಬಿಗಿಯಬೇಡಿ. ಅದರ ವೈರು ತೆಳು, ಎಳೆತಕ್ಕೆ ಮಾಡಿದ್ದಲ್ಲ. ಕೊಕ್ಕೆಯಿಂದ ಬಳೆಗೆ ಮೊದಲು ಜಿಐ ತಂತಿ ಬಿಗಿದು, ಸರವನ್ನು ಅದಕ್ಕೆ ಕೇಬಲ್ ಟೈಯಲ್ಲಿ ಕಟ್ಟಬೇಕು. ಎಲ್ಲ ಬಲ್ಬುಗಳ ಮೂತಿ ಹೊರಗಿರಲಿ. ಕೇಬಲ್ ಟೈ ಕಪ್ಪು ಬಣ್ಣದ್ದು ತನ್ನಿ. ಬಿಳಿಯದು ನಮ್ಮ ಬಿಸಿಲಿಗೆ ಬೇಗ ಗಡುಸಾಗಿ ಪಟಪಟ ಮುರಿಯುತ್ತದೆ.

ನಕ್ಷತ್ರಕ್ಕೆ ಮಾತ್ರ ನಮ್ಮಪ್ಪನ ವಿದ್ಯೆಯನ್ನೇ ಇಟ್ಟುಕೊಂಡಿದ್ದೇನೆ. ಬಿದಿರು ಸೀಳಿ, ಹೆರೆದು, ಐದು ಮೂಲೆ ಕಟ್ಟುವುದು. ಅಪ್ಪ ಬಣ್ಣದ ಕಾಗದ ಅಂಟಿಸಿ ಒಳಗೆ ಜೀರೋ ಬಲ್ಬು ಹಾಕುತ್ತಿದ್ದರು. ವರಾಂಡದ ಒಳಗೆ ಅದು ಸಾಕಿತ್ತು. ಹೊರಗೆ ಕಾಗದ ಒಂದು ರಾತ್ರಿಯೂ ನಿಲ್ಲುವುದಿಲ್ಲ. ನಾನು ಹಳೆ ಫ್ಲೆಕ್ಸ್ ಬ್ಯಾನರಿನ ಬಿಳಿ ಹಿಂಬದಿಯನ್ನು ಮುಂದೆ ಬರುವಂತೆ ಹೊದಿಸುತ್ತೇನೆ. ನೀರು ಇಳಿಯುವುದಿಲ್ಲ, ಬೆಳಕು ಹದವಾಗಿ ಹರಡುತ್ತದೆ. ನಕ್ಷತ್ರಕ್ಕೆ ಹತ್ತು ಅಂಚು, ಅಂಚಿಗೆ ಹತ್ತಿಂಚು, ಅಂಚಿಗೆ ಐದು ಬಲ್ಬು. ಒಂದು ಸರ ಸರಿಯಾಗಿ ಮುಗಿಯುತ್ತದೆ. ಅಗಲ ಸುಮಾರು ಎರಡಡಿ. ಬಿದಿರಿನ ಸೀಳನ್ನು ಹಗ್ಗದಲ್ಲೇ ಕಟ್ಟಿ, ಮೊಳೆ ಹೊಡೆಯಬೇಡಿ. ಮೊಳೆ ಹೊಡೆದ ಕಡೆ ಬಿದಿರು ಸೀಳಿಕೊಂಡು ಹೋಗುತ್ತದೆ.

ಇನ್ನು ಕರೆಂಟು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಬಲ್ಬುಗಳು ಒಂದರ ಹಿಂದೆ ಒಂದು ಇರುತ್ತಿದ್ದವು. 6 ವೋಲ್ಟಿನ ಬಲ್ಬನ್ನು 230 ವೋಲ್ಟಿಗೆ ಹಾಕಬೇಕೆಂದರೆ ಸುಮಾರು 38 ಬಲ್ಬು ಸಾಲಾಗಿ ಬೇಕು. ಒಂದು ಸುಟ್ಟರೆ ಎಲ್ಲ ಆರುತ್ತಿತ್ತು. ಅದಕ್ಕಿಂತ ಮುಖ್ಯ, ಎಲ್ಲಾದರೂ ವೈರು ಸುಲಿದಿದ್ದರೆ ಅಲ್ಲಿ ಮನೆಯ ಕರೆಂಟೇ ಇರುತ್ತಿತ್ತು. ಈಗಲೂ ಪೇಟೆಯಲ್ಲಿ ಸಿಗುವ ತೆಳು ವೈರಿನ ಅಗ್ಗದ ಎಲ್‌ಇಡಿ ಸರಗಳು ಬಹಳಷ್ಟು ನೇರ 230 ವೋಲ್ಟಿನವು. ಮನೆಯೊಳಗೆ ಗೋದಲಿಯ ಮೇಲೆ ಸರಿ. ಒದ್ದೆ ಹುಲ್ಲಿನ ಮೇಲೆ, ಮಕ್ಕಳು, ನಾಯಿ, ದನ ಓಡಾಡುವ ಕಡೆ ಅದನ್ನು ಹಾಕಬಾರದು. ನನ್ನ ಮರಕ್ಕೆ ಹೋಗುವುದು 5 ವೋಲ್ಟ್ ಮಾತ್ರ. 230 ವೋಲ್ಟು ಕಂಬದ ಬುಡದ ಪೆಟ್ಟಿಗೆಯೊಳಗಿನ ಎಸ್‌ಎಂಪಿಎಸ್‌ಗೆ, ಅಂದರೆ ಅದನ್ನು 5 ವೋಲ್ಟಿಗೆ ಇಳಿಸುವ ಸಾಧನಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಆ ಲೈನಿಗೆ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇದೆ, ಅರ್ಥಿಂಗ್ ಇದೆ. ಇವೆರಡು ಇಲ್ಲದೆ ಮರ ಕಟ್ಟುವುದೇ ಬೇಡ.

ಒಂದು ಪಿಕ್ಸೆಲ್ ಪೂರ್ತಿ ಬಿಳಿ ಉರಿದರೆ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. 450ಕ್ಕೆ 27 ಆಂಪ್. 5 ವೋಲ್ಟಿನಲ್ಲಿ 135 ವ್ಯಾಟ್. ಹಾಗಾಗಿ 5 ವೋಲ್ಟ್ 40 ಆಂಪಿನ ಎಸ್‌ಎಂಪಿಎಸ್ ಹಾಕಿದ್ದೇನೆ, ಅದು ಆರಾಮಾಗಿ ಕೆಲಸ ಮಾಡಲಿ ಅಂತ. 5 ವೋಲ್ಟು ಶಾಕ್ ಹೊಡೆಯುವುದಿಲ್ಲ ನಿಜ. ಆದರೆ 40 ಆಂಪು ತೆಳು ವೈರಿನಲ್ಲಿ ಶಾರ್ಟ್ ಆದರೆ ವೈರು ಕೆಂಪಗಾಗುತ್ತದೆ. ಅದಕ್ಕೆ ಎರಡೆರಡು ಸರಕ್ಕೆ ಒಂದು ಲೈನ್ ಮಾಡಿ, ಲೈನಿಗೊಂದು 7.5 ಆಂಪಿನ ಬ್ಲೇಡ್ ಫ್ಯೂಸ್ ಹಾಕಿದ್ದೇನೆ. ಜೀಪಿಗೆ ಹಾಕುವುದೇ ಅದು, ಯಾವ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ನಕ್ಷತ್ರಕ್ಕೆ ಬೇರೆ ಲೈನು, ಬೇರೆ ಫ್ಯೂಸು. ವೈರು ಮನೆ ವೈರಿಂಗಿನ 2.5 ಚದರ ಮಿಲಿಮೀಟರಿನ ತಾಮ್ರದ್ದು.

ಸರದ ಒಂದೇ ತುದಿಯಿಂದ ಕರೆಂಟು ಕೊಟ್ಟರೆ ಏನಾಗುತ್ತದೆ ಗೊತ್ತಾ? ಮೊದಲ ಬಲ್ಬು ಬೆಳ್ಳಗೆ ಉರಿಯುತ್ತದೆ. ದೂರ ಹೋದಂತೆ ಹಳದಿ, ಆಮೇಲೆ ಕೆಂಪಿನ ಕಡೆಗೆ. ಪ್ರತಿ ಬಲ್ಬಿನೊಳಗೆ ಕೆಂಪು, ಹಸಿರು, ನೀಲಿ ಮೂರು ಎಲ್‌ಇಡಿ ಇರುತ್ತವೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ನೀಲಿಗೆ, ಹಸಿರಿಗೆ ಸುಮಾರು 3 ಬೇಕು. ವೈರಿನಲ್ಲಿ ವೋಲ್ಟೇಜು ಬಿದ್ದಾಗ ಮೊದಲು ಸೊರಗುವುದು ನೀಲಿ ಮತ್ತು ಹಸಿರು, ಕೆಂಪು ಕೊನೆ ತನಕ ಇರುತ್ತದೆ. ಎರಡೂ ತುದಿಯಿಂದ ಕರೆಂಟು ಕೊಟ್ಟರೆ ಈ ತೊಂದರೆ ಇಲ್ಲ. ನಮ್ಮ ಸರದ ಎರಡೂ ತುದಿ ಹೇಗೂ ಬಳೆಯ ಹತ್ತಿರವೇ ಇವೆ ಅಲ್ವಾ.

ನೀಲಿ ಎಲ್‌ಇಡಿಯ ಮಾತು ಬಂತು. ಅಪ್ಪನ ಕಾಲದಲ್ಲಿ ಕೆಂಪು ಎಲ್‌ಇಡಿ ರೇಡಿಯೊದಲ್ಲಿ ಇತ್ತು, ಹಸಿರೂ ಇತ್ತು. ಪ್ರಖರವಾದ ನೀಲಿ ಮಾಡುವುದು ಯಾರಿಗೂ ಸಾಧ್ಯವಾಗಿರಲಿಲ್ಲ. ನೀಲಿ ಇಲ್ಲದೆ ಬಿಳಿಯೂ ಇಲ್ಲ. ಜಪಾನಿನಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಇದರ ಹಿಂದೆ ವರ್ಷಗಟ್ಟಲೆ ಬಿದ್ದು 1990ರ ದಶಕದ ಹೊತ್ತಿಗೆ ಸಾಧಿಸಿದರು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಕಣದಲ್ಲಿ ಕೂತು ಬೆಸುಗೆ ಹಾಕುವಾಗ ಅವರನ್ನು ನೆನೆಯುತ್ತೇನೆ. ಅವರ ಕೆಲಸ ಇಲ್ಲದಿದ್ದರೆ ನನ್ನ ಮರಕ್ಕೆ ಕೆಂಪು, ಹಸಿರು, ಹಳದಿ ಬಿಟ್ಟು ಬೇರೆ ಬಣ್ಣವೇ ಇರುತ್ತಿರಲಿಲ್ಲ.

ಬಲ್ಬುಗಳಿಗೆ ಬಣ್ಣ ಹೇಳಿಕೊಡುವುದು ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡು. ಅದರಲ್ಲಿ ಡಬ್ಲ್ಯೂಎಲ್‌ಇಡಿ ಅನ್ನುವ ಉಚಿತ ತಂತ್ರಾಂಶ. ಅದನ್ನು ಹಾಕಿದ್ದು ಮಗಳು, ಮೈಸೂರಿನಲ್ಲಿ ಡಿಪ್ಲೊಮಾ ಓದುತ್ತಾಳೆ. ಸರದಲ್ಲಿ ಮೂರು ವೈರು. ಎರಡು ಕರೆಂಟಿಗೆ, ನಡುವಿನದು ಮಾಹಿತಿಗೆ. ಬೋರ್ಡು ಎಲ್ಲ ಬಲ್ಬುಗಳ ಬಣ್ಣವನ್ನೂ ಒಂದೇ ಸಾಲಿನಲ್ಲಿ ಕಳುಹಿಸುತ್ತದೆ. ಊಟದ ಪಂಕ್ತಿಯಲ್ಲಿ ಬಾಳೆಲೆ ಕಟ್ಟು ಬಂದಾಗ ಮೇಲಿನ ಎಲೆ ತಾನು ತೆಗೆದುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತೇವಲ್ಲ, ಹಾಗೆ ಮೊದಲ ಬಲ್ಬು ತನ್ನ 24 ಬಿಟ್ ಮಾಹಿತಿ ಇಟ್ಟುಕೊಂಡು ಉಳಿದದ್ದನ್ನು ಮುಂದೆ ಕೊಡುತ್ತದೆ. ಬಣ್ಣಕ್ಕೆ 8 ಬಿಟ್, ಅಂದರೆ 256 ಮಟ್ಟ. ಮೂರು ಬಣ್ಣ ಬೆರೆತರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮೀರಿದ ಛಾಯೆ. ಒಂದು ಬಲ್ಬಿಗೆ ಹಿಡಿಯುವ ಸಮಯ ಸೆಕೆಂಡಿನ ಲಕ್ಷ ಭಾಗದಲ್ಲಿ ಮೂರು ಭಾಗ.

ಆದರೆ ನಡುವೆ ಒಂದು ಬಲ್ಬು ಸತ್ತರೆ ಅದರ ಮುಂದಿನವರಿಗೆ ಏನೂ ತಲುಪುವುದಿಲ್ಲ. 450ನ್ನೂ ಒಂದೇ ಸಾಲಿನಲ್ಲಿ ಕಟ್ಟಿದರೆ ಮೂರನೇ ಕಾಲಿನಲ್ಲಿ ಕೆಟ್ಟದ್ದು ಅದರಾಚೆಯ ಮರವನ್ನೆಲ್ಲ ಆರಿಸುತ್ತದೆ. ನಾನು ನೂರು ನೂರರ ನಾಲ್ಕು ಸಾಲು ಮಾಡಿದ್ದೇನೆ, ನಕ್ಷತ್ರ ಐದನೆಯದು. ಬೋರ್ಡಿನಿಂದ ಬರುವ ಸಂಕೇತ 3.3 ವೋಲ್ಟಿನದು, ಬಲ್ಬುಗಳಿಗೆ 5 ವೋಲ್ಟಿನದು ಹಿತ. ನಡುವೆ ಸಂಕೇತವನ್ನು 5 ವೋಲ್ಟಿಗೆ ಏರಿಸುವ 74ಎಚ್‌ಸಿಟಿ245 ಅನ್ನುವ ಐಸಿ ಹಾಕಬೇಕು. ಕೆಲವರು ಅದಿಲ್ಲದೆಯೂ ನಡೆಯುತ್ತದೆ ಅನ್ನುತ್ತಾರೆ. ಮೇಜಿನ ಮೇಲೆ ನಡೆಯಬಹುದು. ಹೊರಗಿನ ಚಳಿಯಲ್ಲಿ, ಉದ್ದ ವೈರಿನಲ್ಲಿ ಬಲ್ಬುಗಳು ಸುಮ್ಸುಮ್ನೆ ಮಿಣುಕುತ್ತವೆ. ಐಸಿಯ ಬೆಲೆ ಒಂದು ಊಟದ್ದೂ ಇಲ್ಲ, ಹಾಕಿಬಿಡಿ.

ಈಗ ಇಬ್ಬನಿ. ಮಳೆಯ ನೀರು ಮೇಲಿಂದ ಬೀಳುತ್ತದೆ, ತಡೆಯಬಹುದು. ಇಬ್ಬನಿ ಎಲ್ಲ ಕಡೆಯಿಂದ ಬರುತ್ತದೆ. ಡಿಸೆಂಬರಿನ ಬೆಳಗ್ಗೆ ಕಣದಲ್ಲಿ ಹರಡಿದ ಕಾಫಿಯ ಮೇಲೆ ಹೊದಿಸಿದ ಟಾರ್ಪಾಲು ನೋಡಿದ್ದೀರಲ್ಲ, ಕೈ ಒರೆಸಿದರೆ ನೀರು ಇಳಿಯುತ್ತದೆ. ಅಷ್ಟೇ ನೀರು ಪ್ರತಿ ರಾತ್ರಿ ಮರದ ಪ್ರತಿ ವೈರಿನ ಮೇಲೂ ಕೂರುತ್ತದೆ. ವೈರಿನ ಮೇಲೆ ಹರಿದು ತಗ್ಗಿಗೆ ಬರುತ್ತದೆ. ತಗ್ಗಿನಲ್ಲಿ ಪೆಟ್ಟಿಗೆ ಇದ್ದರೆ ಪೆಟ್ಟಿಗೆಯೊಳಗೆ ಹೋಗುತ್ತದೆ.

ಅದಕ್ಕೆ ವೈರುಗಳೆಲ್ಲ ಪೆಟ್ಟಿಗೆಗೆ ಕೆಳಗಿನಿಂದಲೇ ಹೋಗಬೇಕು. ಹೋಗುವ ಮೊದಲು ಒಂದು ಗೇಣು ಕೆಳಗೆ ಜೋತು, ಆಮೇಲೆ ಮೇಲೆ ಹತ್ತಬೇಕು. ನೀರು ಆ ಜೋತ ಕಡೆಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಹಗಲು ಬಿಸಿಲಿಗೆ ಒಳಗಿನ ಗಾಳಿ ಕಾಯುತ್ತದೆ, ರಾತ್ರಿ ತಣ್ಣಗಾದಾಗ ಅದರಲ್ಲಿರುವ ತೇವ ಒಳಗೇ ನೀರಾಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ತಳದಲ್ಲಿ ಒಂದು ಸಣ್ಣ ತೂತು ಬಿಡಿ. ತೂತಿಗೆ ಸೊಳ್ಳೆ ಪರದೆಯ ಚೂರು ಅಂಟಿಸಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ.

ಜಾಯಿಂಟುಗಳನ್ನು ಬೆಸುಗೆ ಹಾಕಿ, ಒಳಬದಿಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬು ತೊಡಿಸಬೇಕು. ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ಅದು ನೀರನ್ನು ಒಳಗೆ ಹಿಡಿದಿಡುತ್ತದೆ, ಅಷ್ಟೇ. ಸಿಲಿಕಾನ್ ಹಾಕುವವರು ಒಂದು ವಿಷಯ ನೋಡಿ. ಕೆಲವು ಸಿಲಿಕಾನ್ ವಿನೆಗರ್ ವಾಸನೆ ಬರುತ್ತವೆ. ಗಟ್ಟಿಯಾಗುವಾಗ ಅವು ಅಸಿಟಿಕ್ ಆಮ್ಲ ಬಿಡುತ್ತವೆ, ಅದು ತಾಮ್ರವನ್ನು ತಿನ್ನುತ್ತದೆ. ಸ್ವಲ್ಪ ದಿನದಲ್ಲೇ ವೈರಿನ ತುದಿ ಹಸಿರಾಗುತ್ತದೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದದ್ದನ್ನು ಕೇಳಿ ತನ್ನಿ. ಅಂಗಡಿಯವರು ಎರಡೂ ಒಂದೇ ಅಂದರೂ ಬಿಡಬೇಡಿ.

ಇಷ್ಟೆಲ್ಲ ಮಾಡಿ, ಮೊದಲ ಸಲ ದೀಪ ಹಾಕುವಾಗ ಯಾರಿಗಾದರೂ ಪೂರ್ತಿ ಬೆಳಕು ಬಿಡುವ ಆಸೆ ಆಗುತ್ತದೆ. ನಾನು ಬಿಡುವುದಿಲ್ಲ. ನನ್ನ ಮರ ಉರಿಯುವುದು ಕಾಲು ಭಾಗ ಬೆಳಕಿನಲ್ಲಿ. ಬೆಂಗಳೂರಿನ ರಸ್ತೆಯಲ್ಲಿ ಇದು ಕಾಣದೇ ಹೋಗಬಹುದು. ಇಲ್ಲಿ ಸುತ್ತಲೂ ಕಾಫಿ ಗಿಡ, ಮೇಲೆ ನೆರಳಿನ ಮರ, ಬೀದಿದೀಪ ಇಲ್ಲ. ಕಣ್ಣು ಕತ್ತಲಿಗೆ ಒಗ್ಗಿಕೊಂಡಿರುತ್ತದೆ. ಅಂಥ ಕಣ್ಣಿಗೆ ಪೂರ್ತಿ ಬೆಳಕು ಹೊಡೆದರೆ ಮರ ಕಾಣುವುದಿಲ್ಲ, ಬರೀ ಉರಿ ಕಾಣುತ್ತದೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ನೀಲಿ ಜಾಸ್ತಿ ಚುಚ್ಚುತ್ತದೆ. ಹುಳುಗಳನ್ನು ಹೆಚ್ಚು ಸೆಳೆಯುವುದೂ ಅದೇ. ಹಾಗಾಗಿ ಮರದ ಮೈಗೆ ಎಣ್ಣೆ ದೀಪದ ಹಳದಿ, ನಡುನಡುವೆ ಹಸಿರು, ಕೆಂಪು. ನೀಲಿ ನಕ್ಷತ್ರದ ಬಿಳಿಯಲ್ಲಿ ಮಾತ್ರ, ಅಲ್ಲೂ ಸ್ವಲ್ಪವೇ.

ಮಂಜು ಇಳಿದ ರಾತ್ರಿ ನೀವು ನೋಡಬೇಕು. ಪ್ರತಿ ಬಲ್ಬಿನ ಸುತ್ತ ಒಂದು ಪ್ರಭೆ ಕಟ್ಟಿಕೊಳ್ಳುತ್ತದೆ. ಕಾಲುಗಳ ನಡುವಿನ ಹದಿಮೂರು ಇಂಚು ತಾನಾಗಿ ತುಂಬುತ್ತದೆ, ತಂತಿ ಕಾಣುವುದಿಲ್ಲ, ಇಡೀ ಮರ ಒಂದೇ ಮೈ ಆಗುತ್ತದೆ. ಬೆಳಕು ಜಾಸ್ತಿ ಇದ್ದರೆ ಇದು ಆಗುವುದಿಲ್ಲ. ಎದುರಿನ ಮಂಜೆಲ್ಲ ಬೆಳ್ಳಗಾಗಿ ಮರವೇ ಮುಳುಗಿ ಹೋಗುತ್ತದೆ.

ಓಡುವ ದೀಪ, ಮಿಂಚುವ ದೀಪ ನನಗೆ ಬೇಡ. ನಮ್ಮದು ತಿರುವಿನ ರಸ್ತೆ. ಆನೆ ದಾಟುವ ರಸ್ತೆಯೂ ಹೌದು. ಗಾಡಿ ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಬೇಕು. ಮಗಳಿಗೆ ಕಾಮನಬಿಲ್ಲು ಓಡಿಸುವ ಆಸೆ. ‘ಪಪ್ಪ, ಇಷ್ಟೊಂದು ಎಫೆಕ್ಟ್ ಇದೆ, ಒಂದನ್ನೂ ಹಾಕಲ್ಲ ಅಂದ್ರೆ ಹೇಗೆ?’ ಅಂತ ಪ್ರತಿ ಸಲ ಜಗಳ. ನಾನು ಒಪ್ಪಿದ್ದು ಒಂದಕ್ಕೆ. ಬಣ್ಣದ ಒಂದು ಪಟ್ಟಿ ಬುಡದಿಂದ ಶುರುವಾಗಿ ಮರವನ್ನು ಸುತ್ತುತ್ತಾ ನಿಧಾನವಾಗಿ ನಕ್ಷತ್ರದವರೆಗೆ ಏರುತ್ತದೆ. ನೋಡುವವರಿಗೆ ಮರವೇ ತಿರುಗಿದ ಭಾವನೆ. 1882ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯಲ್ಲಿ ಮೊದಲ ಬಾರಿಗೆ ವಿದ್ಯುತ್ ದೀಪದ ಕ್ರಿಸ್‌ಮಸ್ ಮರ ಮಾಡಿದಾಗ ಅದು ನಿಜವಾಗಿಯೇ ತಿರುಗುತ್ತಿತ್ತು. ಕೆಂಪು, ಬಿಳಿ, ನೀಲಿಯ 80 ಬಲ್ಬು, ಎಲ್ಲ ಕೈಯಲ್ಲೇ ವೈರಿಂಗ್ ಮಾಡಿದ್ದು. ಅಡಿಯಲ್ಲಿ ಮರ ತಿರುಗಿಸುವ ವ್ಯವಸ್ಥೆ. ಆ ಕಾಲದಲ್ಲಿ ಮರಕ್ಕೆ ಉರಿಯುವ ಮೇಣದಬತ್ತಿ ಸಿಕ್ಕಿಸುತ್ತಿದ್ದರು. ಅವರ ಧೈರ್ಯ, ಶ್ರದ್ಧೆ ಎರಡೂ ದೊಡ್ಡದು ಅನಿಸುತ್ತದೆ ನನಗೆ. ವೈರಿಂಗ್ ಮಾಡುವವನಿಗೆ 80 ಬಲ್ಬು ಕೈಯಲ್ಲಿ ಕಟ್ಟುವುದು ಅಂದರೇನು ಅಂತ ಗೊತ್ತು.

ಕಾಲು ಭಾಗ ಬೆಳಕಿಗೆ ಮರ ಎಳೆಯುವುದು 40 ವ್ಯಾಟ್ ಆಸುಪಾಸು. ಸಂಜೆ ಆರು ದಾಟುತ್ತಲೇ ಹತ್ತುತ್ತದೆ, ರಾತ್ರಿ ಹತ್ತಕ್ಕೆ ತಾನೇ ಆರುತ್ತದೆ. ಇಡೀ ಹಬ್ಬಕ್ಕೆ ನಾಲ್ಕು ಯೂನಿಟ್ ಆಸುಪಾಸು. ಕರೆಂಟು ಹೋದರೆ ಮನೆಯ ಇನ್ವರ್ಟರೇ ಸಾಕು. 24ರ ರಾತ್ರಿ ಮಾತ್ರ ಆರಿಸುವುದಿಲ್ಲ. ಅವತ್ತು ನಾವು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಬಲಿಪೂಜೆಗೆ ಹೋಗುತ್ತೇವೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ ಅದು. ಟಿಪ್ಪುವಿನ ಕಾಲದಲ್ಲಿ ಓಡಿ ಬಂದ ನಮ್ಮ ಕ್ಯಾಥೊಲಿಕರಿಗೆ ರಾಜ ನೆಲೆ ಕೊಟ್ಟದ್ದೂ ಆಗಲೇ. ಪೂಜೆ ಮುಗಿಸಿ ಬರುವಾಗ ಮಧ್ಯರಾತ್ರಿ ದಾಟಿರುತ್ತದೆ. ನಮ್ಮ ಹಾಗೆ ಆ ರಸ್ತೆಯಲ್ಲಿ ಮರಳುವ ಬೇರೆ ಮನೆಗಳವರೂ ಇರುತ್ತಾರೆ. ಅವರಿಗೋಸ್ಕರ ಬೆಳಗಿನ ತನಕ ಉರಿಯಲಿ ಅಂತ ಹೆಂಡತಿ ಹೇಳಿದ್ದು, ಹಾಗೇ ನಡೆಯುತ್ತಿದೆ.

ಕಾಫಿ ಕೊಯ್ಯಲು ಬರುವವರ ಮಕ್ಕಳು ಸಂಜೆ ಕಣಕ್ಕೆ ಬರುತ್ತಾರೆ. ಮರ ಮುಟ್ಟಬಹುದಾ ಅಂತ ಕೇಳುತ್ತಾರೆ. ಮುಟ್ಟಿ ಅನ್ನುತ್ತೇನೆ. 5 ವೋಲ್ಟಿಗೆ ಇಷ್ಟೆಲ್ಲ ಕಷ್ಟಪಟ್ಟದ್ದು ಈ ಒಂದು ಉತ್ತರ ಕೊಡಬೇಕು ಅಂತಲೇ. ಪಕ್ಕದ ಅಜ್ಜ ಮೊದಲ ವರ್ಷ ಬಂದು ಸುತ್ತ ಒಂದು ಸಲ ನಡೆದು, ‘ಚೆನ್ನಾಗಿದೆ ಮಾರಾಯ, ಆದರೆ ಗೇಟಿನ ಕಡೆಯ ಎರಡು ಕಾಲು ಸಡಿಲ’ ಅಂದರು. ಅವರ ಕಣ್ಣು ಅಂಥದ್ದು. ಈಗ ದೀಪ ಹಾಕುವ ಮೊದಲು ಅವರನ್ನು ಕರೆದು ತೋರಿಸುತ್ತೇನೆ.

ಜನವರಿ 6ಕ್ಕೆ, ಮೂರು ರಾಯರ ಹಬ್ಬ ಮುಗಿದ ಮೇಲೆ ಇಳಿಸುತ್ತೇನೆ. ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲ ಒಣಗಿದ ಮೇಲೆ. ಸರಗಳನ್ನು ಮೊಣಕೈಗೆ ಸುತ್ತಬಾರದು, ಬಲ್ಬಿನ ಕುತ್ತಿಗೆಯಲ್ಲಿ ವೈರು ಮುರಿಯುತ್ತದೆ. ಹಳೆ ಫ್ಯಾನ್ ಪೆಟ್ಟಿಗೆಯ ರಟ್ಟಿಗೆ ಅಗಲವಾಗಿ ಸುತ್ತಿ, ಯಾವ ಕಾಲಿನದು ಅಂತ ನಂಬರ್ ಬರೆದು, ಕಾಫಿ ಗೋಣಿ ಇಡುವ ಕೋಣೆಯ ಅಟ್ಟಕ್ಕೆ ಹಾಕುತ್ತೇನೆ. ಮಳೆಗಾಲದ ತೇವ ತಾಗದಂತೆ ಡ್ರಮ್ಮಿನೊಳಗೆ. ಬಳೆಯ ಪೈಪು ಮಾತ್ರ ಅಟ್ಟಕ್ಕೆ ಹೋಗುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಬಿಡಲು ನೀರು ಕೊಡುವ ಹೊತ್ತಿಗೆ ಅದು ತೋಟಕ್ಕೆ ಬೇಕು.

ಈ ವರ್ಷ ಕಟ್ಟಬೇಕು ಅನ್ನುವವರು ಸರ ಮತ್ತು ಬೋರ್ಡನ್ನು ನವೆಂಬರಿಗೆ ಮೊದಲೇ ತರಿಸಿಕೊಳ್ಳಿ. ಬಂದ ಕೂಡಲೇ ಪ್ರತಿ ಸರವನ್ನೂ ಒಂದು ರಾತ್ರಿಯಿಡೀ ಉರಿಸಿ ನೋಡಿ. ಸಾಯುವ ಬಲ್ಬುಗಳು ಸಾಮಾನ್ಯವಾಗಿ ಮೊದಲೇ ಸಾಯುತ್ತವೆ, ಆಗ ಬದಲಿಸಿಕೊಳ್ಳಲು ಸಮಯ ಇರುತ್ತದೆ. ಪೆಟ್ಟಿಗೆಯ ಕೆಲಸವನ್ನು ಕೊನೆಗೆ ಉಳಿಸಬೇಡಿ, ಅದನ್ನೇ ಮೊದಲು ಮುಗಿಸಿ. ವೈರಿಂಗಿನಲ್ಲಿ ಅನುಮಾನ ಬಂದರೆ ಪೆಟ್ಟಿಗೆ ಸಮೇತ ಅಂಗಡಿಗೆ ತನ್ನಿ, ಕೂತು ನೋಡೋಣ. ಭಾನುವಾರ ಬೆಳಗ್ಗೆ ಬಿಟ್ಟು ಯಾವಾಗ ಬಂದರೂ ಇರುತ್ತೇನೆ.